ಹಳೇ ಗುಂಡಿಗೆ ಹೊಸ ಗಿಡ

ಮಕ್ಕಳೇ, ನಿಮ್ಮ ಶಾಲೆಯಲ್ಲೂ ಒಂದು ದಿನ ಗಿಡ ನೆಟ್ಟಿರುತ್ತಾರೆ. ಮೈಕು, ಹಾರ, ಭಾಷಣ ಎಲ್ಲ ಆಗಿರುತ್ತದೆ. ಆ ಗಿಡ ಈಗ ಹೇಗಿದೆ ಅಂತ ನಾನು ಕೇಳುವುದಿಲ್ಲ ಬಿಡಿ. ಕೇಳಿದರೆ ನಿಮ್ಮ ಮೇಷ್ಟ್ರಿಗೆ ಮುಜುಗರ. ಅದರ ಬದಲು ಒಂದು ಕತೆ ಹೇಳುತ್ತೇನೆ.

ಒಂದು ಕುರುಚಲು ಕಾಡು. ಅದರ ನಡುವೆ ಒಂದು ಕೆರೆ. ಯಾವ ಕಾಲದಲ್ಲೋ ಮನುಷ್ಯರು ಕಟ್ಟಿ, ಆಮೇಲೆ ಮರೆತೇ ಹೋದ ಕೆರೆ. ಅದಕ್ಕೆ ಉದ್ದನೆಯ ಏರಿ ಇತ್ತು. ಏರಿ ಅಂದರೆ ನೀರು ಹರಿದು ಹೋಗದಂತೆ ತಡೆಯುವ ಮಣ್ಣಿನ ದಿಬ್ಬ. ಮಳೆಗಾಲದ ನೀರನ್ನು ಅದು ಹಿಡಿದಿಟ್ಟುಕೊಂಡರೆ ಬೇಸಿಗೆಯಲ್ಲಿ ಕಾಡಿಗೆಲ್ಲ ಕುಡಿಯಲು ನೀರು. ಏರಿ ಒಡೆಯಿತೋ, ಕಾಡಿನವರೆಲ್ಲ ಗಂಟುಮೂಟೆ ಕಟ್ಟಬೇಕು.

ಏರಿಯ ಕೆಳಗೆ, ನೀರಿಲ್ಲದ ಬದಿಗೆ, ಒಂದು ಬಿಲದಲ್ಲಿ ಸಾಕಮ್ಮ ಎಂಬ ಮುಂಗುಸಿ ವಾಸವಾಗಿದ್ದಳು. ಬಾಯಿ ಸ್ವಲ್ಪ ಜೋರು, ಮನಸ್ಸು ಮಾತ್ರ ಬೆಣ್ಣೆ. ಏರಿಯ ಮೇಲೆ ನೀಲಕಂಠಪ್ಪ ಎಂಬ ನವಿಲು ಓಡಾಡಿಕೊಂಡಿದ್ದ. ಅವನೇನೂ ಕೆಟ್ಟವನಲ್ಲ. ಆದರೆ ನಾಲ್ಕು ಜನ ನೋಡದಿದ್ದರೆ ಅವನಿಗೆ ಯಾವ ಕೆಲಸವೂ ರುಚಿಸುತ್ತಿರಲಿಲ್ಲ. ನೀರು ಕುಡಿಯುವಾಗಲೂ ಅತ್ತ ಇತ್ತ ತಿರುಗಿ, ಯಾರಾದರೂ ನೋಡುತ್ತಿದ್ದಾರೆ ಅಂತ ಖಾತ್ರಿಯಾದ ಮೇಲೇ ಕೊಕ್ಕು ಅದ್ದುವ ಆಸಾಮಿ.

ಕೆರೆಯ ಆಚೆ ದಡದಲ್ಲಿ ಒಂದು ಹೆಬ್ಬಂಡೆ. ಅದರ ತುಂಬ ಜೇನುಗೂಡುಗಳು. ಆ ಗೂಡುಗಳೆಲ್ಲ ಸೇರಿ ಹೆಬ್ಬಂಡೆ ಜೇನು ಕಂಪನಿ ಅಂತ ಹೆಸರಿಟ್ಟುಕೊಂಡಿದ್ದವು. ಒಂದು ವರ್ಷ ಹೊಂಗೆ, ಹುಣಸೆ, ಜಾಲಿ ಎಲ್ಲವೂ ಮೈತುಂಬ ಹೂಬಿಟ್ಟವು. ಗೂಡುಗಳಲ್ಲಿ ಜೇನು ಇಡಲು ಜಾಗ ಸಾಲದಾಯಿತು. ಆಗ ಕಂಪನಿಯ ಹಿರಿಯಳು ಜೇನಮ್ಮ ಏರಿಗೆ ಬಂದು ಎಲ್ಲರನ್ನೂ ಸೇರಿಸಿದಳು.

"ನೋಡ್ರಪ್ಪಾ, ನೀರಿದ್ರೆ ಹೂವು, ಹೂವಿದ್ರೆ ಜೇನು. ನಿಮ್ಮ ಕೆರೆಯಿಂದಲೇ ನಮ್ಮ ಗೂಡು ತುಂಬಿದ್ದು. ಅದಕ್ಕೇ ಪ್ರತಿ ವರ್ಷ ಒಂದು ತುಂಬಿದ ಜೇನುಹುಟ್ಟು ನಿಮಗೆ ಕೊಡ್ತೀವಿ. ಏರಿ ಕಾಯೋದಕ್ಕೆ, ಗಿಡ ಬೆಳೆಸೋದಕ್ಕೆ, ಮುಖ್ಯವಾಗಿ ನಿಮ್ಮ ಮರಿಗಳಿಗೆ ಕಾಡಿನ ಕೆಲಸ ಕಲಿಸೋದಕ್ಕೆ ಅದು. ಕೆಲಸಕ್ಕೆ ಬಂದ ಮರಿಗೆ ಒಂದೊಂದು ತೊಟ್ಟು ಕೊಟ್ಟರೂ ವರ್ಷಪೂರ್ತಿ ಬರುತ್ತೆ. ಯಾರು ಜವಾಬ್ದಾರಿ ತಗೋತೀರಿ?"

ನೀಲಕಂಠಪ್ಪನ ಕತ್ತು ಮೇಲೆದ್ದಿತು. "ನಾನಿದ್ದೀನಲ್ಲ! ಚಿಂತೆ ಯಾಕಮ್ಮ?"

ಅಷ್ಟೇ, ಜೇನು ಅವನ ವಶಕ್ಕೆ ಬಂತು. ನೀಲಕಂಠಪ್ಪ ಮರಿಗಳ ಒಂದು ತಂಡ ಕಟ್ಟಿದ. ಮೊಲದ ಮರಿ, ಕೋತಿ ಮರಿ, ಹಂದಿ ಮರಿ, ಕಪ್ಪೆ ಮರಿ ಎಲ್ಲ ಸೇರಿಕೊಂಡವು. ತಂಡಕ್ಕೆ 'ಪುಟಾಣಿ ಪರಿಸರ ಪಡೆ' ಅಂತ ಹೆಸರು. ಹೆಸರೇನೋ ಭರ್ಜರಿಯಾಗಿತ್ತು. ಪಾಠ ಮಾತ್ರ ಒಂದೇ.

"ಮಕ್ಕಳೇ, ನಾನು ಕತ್ತು ಎತ್ತಿದ ಕೂಡಲೇ ನೀವೆಲ್ಲ ಚಪ್ಪಾಳೆ ತಟ್ಟಬೇಕು. ಎಲ್ಲಿ, ತಟ್ಟಿ ನೋಡೋಣ!"

ಪಟಪಟ ಪಟಪಟ!

"ಭೇಷ್! ಇನ್ನೂ ಜೋರಾಗಿ!"

ಹೀಗೆ ದಿನವೂ ಅಭ್ಯಾಸ ನಡೆಯಿತು. ಮುಂಗಾರು ಬಂದ ಮೇಲೆ ಏರಿಯ ಮೇಲೆ ದೊಡ್ಡ ಕಾರ್ಯಕ್ರಮ. ಬೋರಣ್ಣ ಎಂಬ ಕಾಡುಹಂದಿ ಏರಿಯ ನಡುಮಧ್ಯದಲ್ಲಿ ಮೂತಿಯಿಂದ ಗುಂಡಿ ತೋಡಿದ. ಕರಡಿರಾಯರು ಮುಖ್ಯ ಅತಿಥಿ. ಅವರು ಗುಂಡಿಯಲ್ಲಿ ಒಂದು ಹೊಂಗೆ ಗಿಡ ನೆಟ್ಟು, "ಮರವೇ ಉಸಿರು, ಉಸಿರೇ ಮರ" ಎಂದು ಉದ್ದುದ್ದ ಮಾತಾಡಿ, ಕೊನೆಗೆ ಮರಿಗಳಿಗೆಂದು ಬಂದಿದ್ದ ಜೇನುಹುಟ್ಟನ್ನೇ ಸನ್ಮಾನವಾಗಿ ಪಡೆದು, ಬುಡಸಮೇತ ನೆಕ್ಕಿ ಹೊರಟುಹೋದರು. ಜೇನಮ್ಮನ ಕೊರಳಿಗೂ ಒಂದು ಹೂವಿನ ಹಾರ ಬಿತ್ತು. ಮರಿಗಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಆಹಾ, ಎಂಥ ಕೆಲಸ ನಡೀತಿದೆ ಇಲ್ಲಿ ಅಂದುಕೊಂಡು ಜೇನಮ್ಮ ಖುಷಿಯಾಗಿ ಹಾರಿಹೋದಳು.

ಮರುದಿನ ಗಿಡಕ್ಕೆ ನೀರು ಹಾಕಿದ್ದು ಯಾರು? ಯಾರೂ ಇಲ್ಲ. ಅದು ಒಣಗಿತು.

ಮುಂದಿನ ವರ್ಷ ಮತ್ತೆ ಕಾರ್ಯಕ್ರಮ. ಅದೇ ಜಾಗ, ಅದೇ ಗುಂಡಿ, ಅದೇ ಕರಡಿರಾಯರು. ಒಣಗಿದ ಗಿಡ ಕಿತ್ತು ಬಿಸಾಕಿ ಬೋರಣ್ಣ ಗುಂಡಿಯನ್ನು ಇನ್ನಷ್ಟು ಆಳ ಮಾಡಿದ. ಈ ಸಲ ಸಾಕಮ್ಮನಿಗೆ ತಡೆಯಲಾಗಲಿಲ್ಲ.

"ಏನ್ರೀ ನೀಲಕಂಠಪ್ಪನವ್ರೇ, ಹಳೇ ಗುಂಡಿಗೇ ಹೊಸ ಗಿಡಾನಾ? ಇಷ್ಟಗಲ ಕಾಡಿದೆ, ಅಗೆಯೋಕೆ ಏರೀನೇ ಬೇಕಿತ್ತಾ? ಏರಿ ಬಡವಾಗಲ್ವಾ?"

"ಸಾಕಮ್ಮ, ಏರಿ ಮೇಲಾದ್ರೆ ಎಲ್ಲರಿಗೂ ಕಾಣುತ್ತೆ. ಕೆಳಗೆ ಮೂಲೇಲಿ ನೆಟ್ರೆ ಯಾರು ನೋಡ್ತಾರೆ?"

"ಗಿಡ ನೆಡೋದು ನೋಡೋರಿಗೋ, ಕಾಡಿಗೋ?"

"ಒಳ್ಳೆ ಕೆಲಸಕ್ಕೆ ಕೊಂಕು ತೆಗೀಬಾರದಮ್ಮ," ಅಂದ ನೀಲಕಂಠಪ್ಪ, ಗರಿ ಕೊಡವಿಕೊಂಡು.

"ಮೇಲೆ ಥಳಕು, ಒಳಗೆ ಹುಳುಕು," ಅಂತ ಗೊಣಗುತ್ತ ಸಾಕಮ್ಮ ಬಿಲಕ್ಕೆ ಇಳಿದಳು. ಮಕ್ಕಳೇ, ಆ ಗಿಡವೂ ಒಣಗಿತು ಅಂತ ನಾನು ಬೇರೆ ಹೇಳಬೇಕಾ?

ಮೂರನೇ ವರ್ಷ ಮಳೆ ಬಿಡದೆ ಹೊಡೆಯಿತು. ಕೆರೆ ಕಂಠಮಟ್ಟ ತುಂಬಿತು. ಅದೇ ಹೊತ್ತಿಗೆ ಸಾಕಮ್ಮ ಮೂರು ಮರಿ ಹಾಕಿದ್ದಳು. ಇನ್ನೂ ಕಣ್ಣು ಬಿಡದ ಮರಿಗಳು. ಬಿಲದಲ್ಲಿ ಒಂದರ ಮೇಲೊಂದು ಬಿದ್ದುಕೊಂಡು, ಅಮ್ಮ ಬಂದಳೆಂದರೆ ವಾಸನೆಯಿಂದಲೇ ಗುರುತು ಹಿಡಿದು ಚೀಂ ಚೀಂ ಅನ್ನುತ್ತಿದ್ದವು. ಅವುಗಳೇ ಸಾಕಮ್ಮನ ಪ್ರಾಣ.

ಕಾರ್ಯಕ್ರಮದ ದಿನ ಬೆಳಿಗ್ಗೆ ಬೋರಣ್ಣ ಹಳೇ ಗುಂಡಿಯನ್ನೇ ಮತ್ತೆ ತೋಡುತ್ತಿದ್ದ. ಇದ್ದಕ್ಕಿದ್ದಂತೆ ಮೂತಿ ಮೇಲೆತ್ತಿದ.

"ಯಜಮಾನ್ರೇ, ಯಾಕೋ ತಳದಲ್ಲಿ ನೀರು ಜಿನುಗ್ತಾ ಇದೆ."

"ಒಳ್ಳೇದೇ ಆಯ್ತಲ್ಲೋ! ಗಿಡಕ್ಕೆ ನೀರು ಹಾಕೋ ಕೆಲಸ ಉಳೀತು. ಈ ಸಲ ದೊಡ್ಡ ಗಿಡ ತರಿಸಿದ್ದೀನಿ, ಇನ್ನೂ ಆಳ ತೋಡು!"

ಬೋರಣ್ಣ ತಲೆ ಕೆರೆದುಕೊಂಡ. ಹೇಳಿದವರು ದೊಡ್ಡವರು, ನಮಗ್ಯಾಕೆ ಅಂತ ಮತ್ತೆ ತೋಡಿದ.

ಕಾರ್ಯಕ್ರಮ ಶುರುವಾಯಿತು. ತುಂತುರು ಮಳೆ ಬೇರೆ. ಜೇನಮ್ಮ ರೆಕ್ಕೆ ನೆನೆಯಬಾರದೆಂದು ಒಂದು ಮುತ್ತುಗದ ಎಲೆಯ ಕೆಳಗೆ ಕೂತಿದ್ದಳು. ಕರಡಿರಾಯರ ಕಣ್ಣು ಆಗಲೇ ಜೇನುಹುಟ್ಟಿನ ಮೇಲಿತ್ತು. ನೀಲಕಂಠಪ್ಪ ಸ್ವಾಗತ ಭಾಷಣಕ್ಕೆ ನಿಂತಿದ್ದನಷ್ಟೇ, ಏರಿಯ ಕೆಳಗಿನಿಂದ ಸಾಕಮ್ಮ ಓಡೋಡಿ ಬಂದಳು. ಮೈಯೆಲ್ಲ ಕೆಸರು. ಬಾಯಲ್ಲಿ ಒಂದು ಮರಿ. ಅದನ್ನು ಒಂದು ಕಲ್ಲಿನ ಮೇಲೆ ಇಟ್ಟು ಚೀರಿದಳು.

"ಬಿಲಕ್ಕೆ ನೀರು ನುಗ್ತಿದೆ! ನಿಮ್ಮ ಗುಂಡಿ ಒಡೀತಿದೆ ಕಣ್ರೋ! ನನ್ನ ಇನ್ನೆರಡು ಮರಿ ಒಳಗಿವೆ!"

ಏನಾಯಿತು ಅಂತ ನೋಡಲು ನೀಲಕಂಠಪ್ಪ ಕತ್ತು ಎತ್ತಿದ.

ಪಟಪಟ ಪಟಪಟ! ಪುಟಾಣಿ ಪಡೆ ಚಪ್ಪಾಳೆ ತಟ್ಟಿತು.

ಗುಂಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಕೆರೆಯ ಕಡೆಯಿಂದ ನುಗ್ಗಿ, ಆಚೆ ಬದಿಯ ಮಣ್ಣನ್ನು ಕೊಚ್ಚಿಕೊಂಡು ಕೆಳಗೆ ಹರಿಯುತ್ತಿತ್ತು. 

"ಏರಿ ಹೋಗ್ತಿದೆ! ಓಡಿ ಬನ್ನಿ! ಮಣ್ಣು ತನ್ನಿ!" ಎಂದು ನೀಲಕಂಠಪ್ಪ ಕತ್ತು ಚಾಚಿ ಕೂಗಿದ.

ಕತ್ತು ಇನ್ನೂ ಮೇಲಕ್ಕೆ ಹೋಗಿದ್ದರಿಂದ ಮರಿಗಳು ಇನ್ನೂ ಜೋರಾಗಿ ತಟ್ಟಿದವು. ಪಟಪಟ ಪಟಪಟ ಪಟಪಟ! ಆ ಸದ್ದಿನಲ್ಲಿ ಅವನ ಕೂಗೂ ಕೇಳಲಿಲ್ಲ, ಸಾಕಮ್ಮನ ಅಳುವೂ ಕೇಳಲಿಲ್ಲ. ಪಾಪ, ಮಕ್ಕಳದೇನು ತಪ್ಪು? ಕಲಿಸಿದ್ದನ್ನೇ ತಾನೇ ಮಾಡುವುದು? ಕರಡಿರಾಯರಂತೂ ಜೇನುಹುಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಆಗಲೇ ಗುಡ್ಡ ಹತ್ತುತ್ತಿದ್ದರು.

ಸಾಕಮ್ಮ ನೀಲಕಂಠಪ್ಪನನ್ನು ಒಂದು ಸಲ ನೋಡಿದಳು.  ತಿರುಗಿ ಬಿಲದತ್ತ ಓಡಿದಳು.

ಆ ನೋಟ ನೀಲಕಂಠಪ್ಪನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅಯ್ಯೋ ಶಿವನೇ, ಎಂಥ ಕೆಲಸ ಮಾಡಿಬಿಟ್ಟೆ ಅಂದುಕೊಂಡ. ಮರುಕ್ಷಣ ಅವನು ಕತ್ತು ತಗ್ಗಿಸಿ ಗುಂಡಿಗೆ ಧುಮುಕಿದ. ತನ್ನ ಉದ್ದನೆಯ ಗರಿಗಳನ್ನೆಲ್ಲ ನೀರು ನುಗ್ಗುವ ಬಾಯಿಗೆ ಅಡ್ಡ ಹಾಸಿ, ಅದರ ಮೇಲೆ ಬಿಗಿಯಾಗಿ ಕೂತ.

ಕತ್ತು ಇಳಿದದ್ದೇ ಚಪ್ಪಾಳೆ ನಿಂತಿತು.

"ಮಕ್ಕಳೇ, ನನ್ನ ಗರಿ ಮೇಲೆ ಮಣ್ಣು ಹಾಕಿ!"

ಮರಿಗಳು ಬೆಪ್ಪಾಗಿ ನಿಂತವು. "ಮಣ್ಣು ಎಲ್ಲಿಂದ ತರೋದು ಮೇಷ್ಟ್ರೇ? ಹೇಗೆ ತರೋದು? ನೀವು ಹೇಳೇ ಕೊಟ್ಟಿಲ್ಲವಲ್ಲ," ಅಂತು ಮೊಲದ ಮರಿ, ಅಳುಮುಖ ಮಾಡಿಕೊಂಡು.

"ನನ್ನ ಹಿಂದೆ ಬನ್ರೋ!" ಅಂತ ಬೋರಣ್ಣ ಗುಡುಗಿದ. "ಏರಿ ಮಣ್ಣು ಮುಟ್ಟಬೇಡಿ. ಆ ಗುಡ್ಡದ ಬುಡದಲ್ಲಿ ಅಂಟು ಜೇಡಿಮಣ್ಣು ಇದೆ. ಕೋತಿಗಳು ಕಲ್ಲು ಎತ್ತಲಿ. ಕಪ್ಪೆಗಳು ಬೇರುಸಮೇತ ಹುಲ್ಲು ತರಲಿ. ನಡೀರಿ!"

ಬೋರಣ್ಣ ಜೇಡಿ ಕಿತ್ತು ಕೊಟ್ಟ. ಹಂದಿ ಮರಿಗಳು ಮೂತಿಯಿಂದ ತಳ್ಳಿಕೊಂಡು ಬಂದವು. ಮೊಲದ ಮರಿಗಳು ಕಾಲಿನಿಂದ ತುಳಿದು ಗಟ್ಟಿ ಮಾಡಿದವು. ಮೊದಮೊದಲು ಒಬ್ಬರ ಮೇಲೊಬ್ಬರು ಬಿದ್ದು, ಅರ್ಧ ಮಣ್ಣು ದಾರಿಯಲ್ಲೇ ಚೆಲ್ಲಿತು. ಆಮೇಲೆ ಕೈ ಕೂಡಿತು. ನೀಲಕಂಠಪ್ಪನ ಗರಿ ಒಂದೊಂದಾಗಿ ಕಿತ್ತು ಬಂದು ಜೇಡಿಯೊಳಗೆ ಸೇರಿದವು. ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲು ಕಲಸುವುದಿಲ್ಲವೇ, ಹಾಗೆ ಅವು ಮಣ್ಣನ್ನು ಹಿಡಿದುಕೊಂಡವು.

"ಮೇಷ್ಟ್ರೇ, ನಿಮ್ಮ ಗರಿ ಎಲ್ಲ ಹೋಯ್ತು!" ಅಂತು ಕೋತಿ ಮರಿ, ಅಳುತ್ತ.

"ಗರಿ ಹೋದ್ರೆ ಮುಂದಿನ ವರ್ಷ ಬರುತ್ತೆ ಮಗು. ಕೆರೆ ಹೋದ್ರೆ ಬರುತ್ತಾ? ಹಾಕು, ಇನ್ನೊಂದು ಕಲ್ಲು ಹಾಕು!"

ನೀರಿನ ರಭಸ ತಗ್ಗಿತು. ಹರಿಯುತ್ತಿದ್ದದ್ದು ಜಿನುಗಿತು, ಜಿನುಗುತ್ತಿದ್ದದ್ದು ನಿಂತಿತು. ಎಲ್ಲರೂ ಏರಿಯ ಕೆಳಗೆ ಇಣುಕಿದರು. ಸಾಕಮ್ಮ ಎಲ್ಲಿ?

 ಆಮೇಲೆ ಬಿಲದ ಬಾಯಿಯಿಂದ ಒಂದು ಕೆಸರು ಮೂತಿ ಹೊರಬಂತು. ಎರಡನೇ ಮರಿಯನ್ನು ಅವಳು ಆಗಲೇ ಹೊರಗೆ ತಂದು ಪೊದೆಯಲ್ಲಿ ಇಟ್ಟಿದ್ದಳು. ಈಗ ಬಾಯಲ್ಲಿ ಇದ್ದದ್ದು ಮೂರನೆಯದು. ಅದು ಒಂದು ಸಲ ಸೀನಿ, ಚೀಂ ಅಂದಿತು. ಪೊದೆಯ ಮರಿಯನ್ನೂ ಎತ್ತಿಕೊಂಡು, ಕಲ್ಲಿನ ಮೇಲಿದ್ದ ಮೊದಲ ಮರಿಯ ಬಳಿಗೆ ಹತ್ತಿ ಬಂದು, ಮೂರನ್ನೂ ಮಡಿಲಿಗೆ ಎಳೆದುಕೊಂಡು ನೆಕ್ಕುತ್ತ ಸಾಕಮ್ಮ ಗಳಗಳನೆ ಅತ್ತಳು. ನೀಲಕಂಠಪ್ಪನೂ ಅತ್ತ. ಗರಿಯಿಲ್ಲದೆ, ಮೈತುಂಬ ಕೆಸರು ಮೆತ್ತಿಕೊಂಡು, ಅವನು ನೋಡಲು ತೊಯ್ದ ಕೋಳಿಯ ಹಾಗಿದ್ದ.

"ಕೆಟ್ಟ ಮೇಲೆ ಬುದ್ಧಿ ಬಂತು ಸಾಕಮ್ಮ, ತಪ್ಪಾಯ್ತು," ಅಂದ.

"ಪೂರ್ತಿ ಕೆಡೋ ಮುಂಚೆ ಬಂತಲ್ಲ ಮಾರಾಯ. ಸದ್ಯ," ಅಂದಳು ಸಾಕಮ್ಮ, ಮೂಗು ಒರೆಸಿಕೊಳ್ಳುತ್ತ.

ಮುತ್ತುಗದ ಎಲೆಯ ಕೆಳಗಿನಿಂದ ಜೇನಮ್ಮ ಹೊರಬಂದಳು. ನೀಲಕಂಠಪ್ಪ ತಲೆ ತಗ್ಗಿಸಿದ.

"ಅಮ್ಮಾ, ನೀವು ಜೇನು ನಿಲ್ಲಿಸಿದ್ರೆ ಅದು ನ್ಯಾಯವೇ. ನಾನು ಏನೂ ಅನ್ನಲ್ಲ."

"ನಿಲ್ಲಿಸೋದು ಸುಲಭ," ಅಂದಳು ಜೇನಮ್ಮ. "ಆದ್ರೆ ತಪ್ಪು ನಿನ್ನೊಬ್ಬನದೇ ಅಲ್ಲಪ್ಪ. ಕೊಟ್ಟ ಜೇನು ಯಾರ ಬಾಯಿಗೆ ಹೋಯ್ತು, ನೆಟ್ಟ ಗಿಡ ಏನಾಯ್ತು ಅಂತ ನಾವೂ ಒಂದು ದಿನ ಕೇಳಲಿಲ್ಲ. ಹಾರ ಹಾಕಿಸಿಕೊಂಡು, ಚಪ್ಪಾಳೆ ಕೇಳಿಸಿಕೊಂಡು, ಖುಷಿಯಾಗಿ ಮನೆಗೆ ಹೋದ್ವಿ. ಇವತ್ತು ಈ ಮಕ್ಕಳು ಮಣ್ಣು ಹೊತ್ತದ್ದನ್ನ ನೋಡಿದೆ. ಜೇನು ಬಂದೇ ಬರುತ್ತೆ. ಆದ್ರೆ ನಾನು ಇನ್ಮೇಲೆ ಕಾರ್ಯಕ್ರಮಕ್ಕೆ ಬರಲ್ಲ."

"ಮತ್ತೆ ಯಾವಾಗ ಬರ್ತೀರಮ್ಮ?"

"ಬೇಸಿಗೇಲಿ. ಹೇಳದೆ ಕೇಳದೆ."

ಹೇಳಿದ ಮಾತಿಗೆ ತಪ್ಪದೆ, ಬಿಸಿಲು ನೆತ್ತಿ ಸುಡುವ ಕಾಲದಲ್ಲಿ ಜೇನಮ್ಮ ಒಂದು ದಿನ ಬೆಳಿಗ್ಗೆ ಹಾರಿ ಬಂದಳು. ಕೆರೆಯಲ್ಲಿ ಇನ್ನೂ ನೀರಿತ್ತು. ಏರಿಯ ಮೇಲೆ ವೇದಿಕೆ ಇರಲಿಲ್ಲ, ಹಳೇ ಗುಂಡಿಯ ಜಾಗದಲ್ಲಿ ಗರಿಕೆ ಹಬ್ಬಿತ್ತು. ಏರಿಯಿಂದ ದೂರ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ಒಂದು ಹೊಂಗೆ ಗಿಡ ತಿಳಿಹಸಿರು ಚಿಗುರು ಬಿಟ್ಟುಕೊಂಡು ನಿಂತಿತ್ತು. ಬುಡದ ಮಣ್ಣು ಒದ್ದೆಯಾಗಿತ್ತು.

ಏರಿಯಲ್ಲಿ ಬಿಸಿಲಿಗೆ ಬಿಟ್ಟ ಬಿರುಕುಗಳಿಗೆ ಮರಿಗಳು ಜೇಡಿ ಮೆತ್ತುತ್ತಿದ್ದವು. ಸಾಕಮ್ಮನ ಮೂರು ಮರಿಗಳೂ ಅಲ್ಲೇ ಇದ್ದವು. ನೀಲಕಂಠಪ್ಪನಿಗೆ ಹೊಸ ಗರಿ ಬಂದಿತ್ತು. ಆದರೆ ಅವನು ಅದನ್ನು ಬಿಚ್ಚುವ ಗೋಜಿಗೆ ಹೋಗದೆ, ಕತ್ತು ಬಗ್ಗಿಸಿ ಮರಿಗಳಿಗೆ ಬಿರುಕು ತೋರಿಸುತ್ತಿದ್ದ. "ಇಲ್ಲಿ ನೋಡು, ಇನ್ನೊಂದು ಸ್ವಲ್ಪ ಒತ್ತು. ಹಾಂ, ಹಾಗೆ!" ಗರಿಯ ತುದಿಗೆಲ್ಲ ಮಣ್ಣು ಮೆತ್ತಿತ್ತು. ಯಾರು ನೋಡುತ್ತಿದ್ದಾರೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ಬೋರಣ್ಣ ಮೊದಲು ನೋಡಿದ. "ಏ, ಜೇನಮ್ಮನವ್ರು ಬಂದಿದ್ದಾರೆ! ಚಪ್ಪಾಳೆ ತಟ್ರೋ ಮಕ್ಕಳಾ!"

ಒಂದು ಚಪ್ಪಾಳೆಯೂ ಬೀಳಲಿಲ್ಲ.

ಸಾಕಮ್ಮನ ಚಿಕ್ಕ ಮರಿ ತಲೆಯೆತ್ತಿ ನೋಡಿ, ತನ್ನ ಎರಡೂ ಮುಂಗಾಲು ಮುಂದೆ ಚಾಚಿ ತೋರಿಸಿತು. "ಸ್ವಲ್ಪ ಇರಜ್ಜಿ, ಕೈ ತುಂಬ ಮಣ್ಣಿದೆ."

ಜೇನಮ್ಮ ನಕ್ಕಳು. ಅವಳ ಕಣ್ಣು ತುಂಬಿ ಬಂದವು. ತಾನು ತಂದಿದ್ದ ಜೇನಿನ ಮೊದಲ ತೊಟ್ಟನ್ನು ಅವಳು ಆ ಕೆಸರು ಮೂತಿಯ ತುದಿಗೇ ಇಟ್ಟಳು.

ನೀತಿ: ನೆಟ್ಟ ದಿನದ ಚಪ್ಪಾಳೆಗೆ ಗಿಡ ಬೆಳೆಯದು, ಮರುದಿನದ ನೀರಿಗೆ ಬೆಳೆಯುತ್ತದೆ.