ಚಿನ್ನದ ಅಂಚಿನ ತಗ್ಗು

"ಗುರುಗಳೇ, ಮನಸ್ಸನ್ನು ಉಕ್ಕಿನಷ್ಟು ಗಟ್ಟಿ ಮಾಡಿಕೊಳ್ಳುವುದು ಹೇಗೆ?"

ಕೇಳಿದವನು ಮಠಕ್ಕೆ ಬಂದು ಮೂರು ವರ್ಷವಾಗಿದ್ದ ಶಿಷ್ಯ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಅವನನ್ನು ಅಕ್ಕ ಸಾಕಿದ್ದಳು. ತಾನು ಹೊರಟ ದಿನ ಊರಿನ ಬಸ್ ನಿಲ್ದಾಣದವರೆಗೆ ಬಂದು ನಿಂತಿದ್ದ ಅವಳು ಇನ್ನೂ ಕಣ್ಣ ಮುಂದಿನಿಂದ ಸರಿದಿಲ್ಲ ಎಂದ. ಜಪಕ್ಕೆ ಕುಳಿತರೆ ಅವಳೇ, ಊಟಕ್ಕೆ ಕುಳಿತರೆ ಅವಳೇ.

"ಅವಳೇನೋ 'ನಾನು ಚೆನ್ನಾಗಿದ್ದೇನೆ, ನೀನು ಬರುವುದು ಬೇಡ' ಎಂದೇ ಹೇಳಿ ಕಳಿಸುತ್ತಾಳೆ. ಅವಳಿಗಿರುವ ಗಟ್ಟಿತನ ನನಗಿಲ್ಲ. ಈ ಹಂಬಲವನ್ನು ಉಜ್ಜಿ ತೆಗೆದು ಮನಸ್ಸನ್ನು ಹೊಸದರಂತೆ ಮಾಡಿಕೊಳ್ಳುವ ದಾರಿ ಇದ್ದರೆ ಹೇಳಿ."

ಗುರುಗಳು ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟು, "ಉಜ್ಜುವುದರಲ್ಲಿ ನಿಸ್ಸೀಮನಾದ ಒಬ್ಬನಿದ್ದ. ಅವನ ಕತೆ ಕೇಳು" ಎಂದರು.

ಒಂದು ಊರಿನ ಬಸ್ ನಿಲ್ದಾಣದ ಎದುರಿಗೆ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಮಸೂರ. ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಸ್ವಲ್ಪ ಒರಟು. ಗಿರಾಕಿ ಯಾರೇ ಬರಲಿ, ಅವನ ಉಪದೇಶ ಒಂದೇ: ದಿನಾ ಕೈಗೆ ಕಟ್ಟುವುದಕ್ಕೆ ಉಕ್ಕು, ಬೀರುವಿನಲ್ಲಿ ಇಡುವುದಕ್ಕೆ ಚಿನ್ನ. ಚಿನ್ನ ಮೆತ್ತಗಿನ ಲೋಹ. ಬಾಗಿಲಿಗೆ ತಾಗಿದರೂ ಗೀರು, ಮೇಜಿಗೆ ಉಜ್ಜಿದರೂ ಗೀರು. ಉಕ್ಕಾದರೆ ಗೋಡೆಗೆ ಬಡಿದರೂ ಪೆಟ್ಟು ಗೋಡೆಗೇ. ಅವನ ಕೈಯಲ್ಲಿದ್ದದ್ದೂ ಉಕ್ಕಿನದೇ. ಎಷ್ಟು ವರ್ಷ ಕಟ್ಟಿದರೂ ಕೊಂಡ ದಿನ ಹೇಗಿತ್ತೋ ಹಾಗೇ ಇತ್ತು. ಬಂದವರ ಮುಂದೆಲ್ಲ ತೋಳು ಚಾಚಿ ಅದನ್ನು ತೋರಿಸುವುದೆಂದರೆ ಅವನಿಗೆ ಹೆಮ್ಮೆ.

ಈ ಉಪದೇಶವನ್ನು ಕಿವಿಗೆ ಹಾಕಿಕೊಳ್ಳದವನು ಒಬ್ಬನೇ, ಅದೇ ಬೀದಿಯ ಹಿಟ್ಟಿನ ಗಿರಣಿಯವನು. ಮದುವೆಯಲ್ಲಿ ಮಾವ ಕೊಟ್ಟ ಚಿನ್ನದ ಕೈಗಡಿಯಾರವನ್ನು ಅವನು ದಿನವೂ ಕಟ್ಟಿಕೊಂಡು ಗಿರಣಿಗೆ ಹೋಗುತ್ತಿದ್ದ. ವರ್ಷಕ್ಕೊಮ್ಮೆ ಅದರೊಳಗೆ ರಾಗಿ ಹಿಟ್ಟೋ ಗೋಧಿ ಹಿಟ್ಟೋ ಹೊಕ್ಕು ಗಡಿಯಾರ ನಿಲ್ಲುತ್ತಿತ್ತು. ರಿಪೇರಿಯವನು ಹಿಂಬದಿಯ ಮುಚ್ಚಳ ಬಿಚ್ಚಿ, ಒಳಗಿನ ಹಿಟ್ಟನ್ನು ಊದಿ, ಬೈಯುತ್ತಿದ್ದ.

"ಚಿನ್ನದ ಕತ್ತಿ ಅಂತ ಕುತ್ತಿಗೆ ಕೊಯ್ಕೊಳ್ತಾರೇನ್ರೀ? ಒಂದು ಸ್ಟೀಲ್ ವಾಚ್ ತಗೊಳ್ಳಿ. ಇದನ್ನ ಬೀರುವಿನಲ್ಲಿಡಿ."

"ಬೀರುವಿಗೆ ಟೈಮ್ ನೋಡಿ ಏನಾಗ್ಬೇಕಿದೆ?" ಎಂದು ಗಿರಣಿಯವನು ನಗುತ್ತಿದ್ದ.

ಗಿರಣಿಯವನ ಹೆಂಡತಿ ಹತ್ತು ಮೈಲಿ ಆಚೆಯ ಹಳ್ಳಿಯ ಶಾಲೆಯಲ್ಲಿ ಟೀಚರ್. ಸಂಜೆ ಐದೂವರೆಯ ಬಸ್ಸಿಗೆ ಬರುತ್ತಿದ್ದಳು. ಅವನು ಐದಕ್ಕೇ ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟನ್ನೂ ಸರಿಯಾಗಿ ಕೊಡವದೆ ಬಂದು, ರಿಪೇರಿ ಅಂಗಡಿಯ ಪಕ್ಕದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ನಿಂತನೆಂದರೆ ಬಲಗೈಯ ಹೆಬ್ಬೆರಳು ಎಡಗೈಯ ಗಡಿಯಾರದ ಅಂಚಿನ ಮೇಲೆ ಹೋಗುತ್ತಾ ಬರುತ್ತಾ ಇರುತ್ತಿತ್ತು. "ಅಂಚು ಸವೀತಿದೆ, ಬೆರಳು ತೆಗೀರಿ" ಎಂದು ರಿಪೇರಿಯವನು ಒಳಗಿನಿಂದಲೇ ಗದರುತ್ತಿದ್ದ. ಗಿರಣಿಯವನು ತೆಗೆಯುತ್ತಿದ್ದ. ಅರೆಗಳಿಗೆಯಲ್ಲಿ ಬೆರಳು ಮತ್ತೆ ಅಲ್ಲೇ. ಬಸ್ಸು ದೂರದ ತಿರುವಿನಲ್ಲಿ ಕಂಡೊಡನೆ ಅವನು ಕಂಬ ಬಿಟ್ಟು ಸರಸರನೆ ಬೀದಿಯ ಕೊನೆಗೆ ಹೋಗಿ, ಅಲ್ಲಿಂದ ನಿಧಾನವಾಗಿ ನಡೆದು ಬರುತ್ತಿದ್ದ. ಇದೇಕೆ ಹೀಗೆ ಎಂದು ರಿಪೇರಿಯವನು ಕೇಳಿದವನಲ್ಲ. ಅದು ಗಂಡ ಹೆಂಡಿರ ವಿಷಯ. ಅವನಿಗೆ ಗಡಿಯಾರದ್ದಷ್ಟೇ ಚಿಂತೆ.

ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆಯಲ್ಲಿ ಗಿರಣಿಯವನು ಎರಡೇ ದಿನದ ಜ್ವರಕ್ಕೆ ತೀರಿಕೊಂಡ. ಕಂಬ ಖಾಲಿಯಾಯಿತು. ಐದು ಗಂಟೆಯಾದರೆ ರಿಪೇರಿಯವನ ಬಾಯಿಗೆ "ಬೆರಳು ತೆಗೀರಿ" ಎಂಬ ಮಾತು ಬಂದು ಅಲ್ಲೇ ನಿಲ್ಲುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಟೀಚರಮ್ಮ ಆ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ತಂದಳು. "ನಿಂತುಹೋಗಿದೆ. ನಡೆಯೋ ಹಾಗೆ ಮಾಡ್ಕೊಡಿ" ಎಂದಷ್ಟೇ ಹೇಳಿ ಹೋದಳು.

ಹೇಳಿದಷ್ಟೇ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ರಿಪೇರಿಯವನಿಗೆ ಗಿರಣಿಯವನ ಮೇಲೆ ಬಹಳ ಪ್ರೀತಿಯಿತ್ತು, ಇಪ್ಪತ್ತಾರು ವರ್ಷ ಬೈದದ್ದೇ ಅದಕ್ಕೆ ಸಾಕ್ಷಿ. ಹಿಟ್ಟು ತೆಗೆದು, ಎಣ್ಣೆ ಬಿಟ್ಟು, ಗಡಿಯಾರ ನಡೆಯತೊಡಗಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಅಂಚಿನಲ್ಲಿ ಹೆಬ್ಬೆರಳಗಲದ ಒಂದು ತಗ್ಗು ಬಿದ್ದಿತ್ತು. ಇಂಥದ್ದನ್ನು ಹಾಗೇ ಬಿಟ್ಟು ಕೊಟ್ಟರೆ ಕಸುಬಿಗೆ ಅವಮಾನ ಎಂದುಕೊಂಡ. ಸವೆದುಹೋದ ಚಿನ್ನವನ್ನು ಮತ್ತೆ ತುಂಬಲು ಅವನಿಗೆ ಬಾರದು. ಇದ್ದ ದಾರಿ ಒಂದೇ, ಸುತ್ತಲಿನ ಅಂಚನ್ನೆಲ್ಲ ತೇಯ್ದು ತಗ್ಗಿನ ಮಟ್ಟಕ್ಕೆ ತರುವುದು.

ಮೂರು ದಿನ ಕುಳಿತು ನುಣ್ಣನೆಯ ಅರದಿಂದ ತೇಯ್ದ. ಉದುರಿದ ಚಿನ್ನದ ಪುಡಿಯನ್ನು ಕಾಗದದ ಮೇಲೆ ಹಿಡಿದು ಪೊಟ್ಟಣ ಕಟ್ಟಿದ. ಉದುರಿದ್ದು ಒಡೆಯನದು ಎಂಬುದು ಅವನು ಕಲಿತ ಪದ್ಧತಿ. ಕೊನೆಗೆ ಹೊಳಪು ಕೊಟ್ಟ. ಗಡಿಯಾರ ಮದುವೆ ಮಂಟಪದಿಂದ ಈಗ ತಾನೇ ಎದ್ದು ಬಂದ ಹಾಗಾಯಿತು. ಟೀಚರಮ್ಮನಿಗೆ ಎಷ್ಟು ಸಂತೋಷವಾಗುತ್ತದೋ ಎಂದು ಅವಳ ದಾರಿ ಕಾದ.

ಅವಳು ಬಂದಳು. ಆ ಹೊಳಪನ್ನು ನೋಡಲೇ ಇಲ್ಲ. ಗಡಿಯಾರವನ್ನು ಕೈಗೆ ತೆಗೆದುಕೊಂಡವಳೇ ಹೆಬ್ಬೆರಳನ್ನು ಅಂಚಿಗೆ ಒತ್ತಿದಳು. ಬೆರಳು ಜಾರಿತು. ಮತ್ತೆ ಒತ್ತಿದಳು. ಮತ್ತೆ ಜಾರಿತು.

"ಇಲ್ಲೊಂದು ತಗ್ಗಿತ್ತಲ್ಲ?"

"ಸವೆದುಹೋಗಿತ್ತು ಟೀಚರಮ್ಮ. ಸರಿ ಮಾಡಿದೀನಿ. ಅದಕ್ಕೆ ದುಡ್ಡೇನೂ ಬೇಡ. ಉದುರಿದ ಚಿನ್ನ ಈ ಪೊಟ್ಟಣದಲ್ಲಿದೆ, ತಗೊಳ್ಳಿ."

ಅವಳು ಪೊಟ್ಟಣವನ್ನು ಮುಟ್ಟಲಿಲ್ಲ. "ಚಿನ್ನ ನೀವೇ ಇಟ್ಕೊಳ್ಳಿ. ನನಗೆ ಆ ತಗ್ಗು ಕೊಡಿ" ಎಂದಳು. "ಒಂದು ವರ್ಷದಿಂದ ಅಲ್ಲಿ ಬೆರಳಿಟ್ಕೊಂಡೇ ದಿನ ತಳ್ಳಿದೀನಿ. ಅವರದು ಅಂತ ಕೈಗೆ ಸಿಗೋದು ಅದೊಂದೇ ಉಳಿದಿತ್ತು."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತಾಯಿತು ರಿಪೇರಿಯವನ ಪಾಡು. ಮುರಿದ ಮುಳ್ಳು, ಒಡೆದ ಗಾಜು, ಹಲ್ಲು ಸವೆದ ಚಕ್ರ, ಎಲ್ಲಕ್ಕೂ ಅವನ ಪೆಟ್ಟಿಗೆಯಲ್ಲಿ ಬದಲಿ ಇತ್ತು. ಇದಕ್ಕೆ ಇರಲಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ಅವನಿಗೆ ತನ್ನ ಕೈಯ ಮೇಲೆ ಸಿಟ್ಟು ಬಂತು.

ಅವಳಿಗೆ ಕೊಡಲು ಅವನಲ್ಲಿ ಉಳಿದಿದ್ದು ಒಂದೇ, ಆ ತಗ್ಗು ಹೇಗೆ ಬಿತ್ತು ಎಂಬ ಸಂಗತಿ. ಹೇಳುವುದೋ ಬೇಡವೋ ಎಂದು ತಿಣುಕಾಡಿದ. ಬದುಕಿದ್ದಷ್ಟು ದಿನ ಆ ಮನುಷ್ಯ ಮುಚ್ಚಿಟ್ಟಿದ್ದನ್ನು ಸತ್ತ ಮೇಲೆ ಬಿಚ್ಚಿಡುವುದು ನ್ಯಾಯವೇ? ಆದರೆ ಅವಳನ್ನು ಬರಿಗೈಯಲ್ಲಿ ಕಳಿಸಲು ಅವನಿಂದಾಗಲಿಲ್ಲ.

"ಟೀಚರಮ್ಮ, ಅವರು ದಿನಾ ನಿಮ್ಮ ಬಸ್ಸಿಗೆ ಬರ್ತಿದ್ರಲ್ಲ?"

"ಹೂಂ. ನಾನು ಇಳಿಯೋದಕ್ಕೂ ಅವರು ಬರೋದಕ್ಕೂ ಸರಿಹೋಗೋದು. 'ಈಗ ತಾನೇ ಬಂದೆ' ಅನ್ನೋರು. ಬಸ್ಸು ಎಷ್ಟೇ ತಡವಾಗ್ಲಿ, ಈಗ ತಾನೇ ಬಂದೆ. ನಾನೂ ನಿಜ ಅಂದ್ಕೊಂಡಿದ್ದೆ."

"ಈಗ ತಾನೇ ಅಲ್ಲ. ಐದಕ್ಕೇ ಬಂದು ಈ ಕಂಬಕ್ಕೆ ಒರಗೋರು. ಬಸ್ಸು ಏಳಕ್ಕೆ ಬಂದ ದಿನ ಏಳರ ತನಕ. ನಿಂತಷ್ಟು ಹೊತ್ತೂ ಬೆರಳು ಆ ಅಂಚಿನ ಮೇಲೆ. ಬಸ್ಸು ಕಂಡ ಕೂಡಲೇ ಬೀದಿ ಕೊನೆಗೆ ಹೋಗಿ ಅಲ್ಲಿಂದ ನಡ್ಕೊಂಡು ಬರೋರು. ತಡವಾಯ್ತಲ್ಲ ಅಂತ ನಿಮ್ಮ ಮನಸ್ಸಿಗೆ ಬರಬಾರದು, ಅಷ್ಟೇ. ನಿಮ್ಮನ್ನ ಕಾದು ಕಾದು ಬಿದ್ದ ತಗ್ಗು ಅದು. ನಾನು ಮುಠ್ಠಾಳ, ತೇಯ್ದುಬಿಟ್ಟೆ."

ಟೀಚರಮ್ಮ ಕಂಬದ ಕಡೆ ನೋಡಿದಳು.

"ಸುಸ್ತಾಗಿ ಇಳೀತಿದ್ದೆ. ಚೀಲ ಅವರ ಕೈಗೆ ಕೊಟ್ಟು ಮುಂದೆ ನಡೀತಿದ್ದೆ" ಎಂದಳು. "ಒಂದು ದಿನಾನಾದ್ರೂ 'ತುಂಬ ಹೊತ್ತು ಕಾದ್ರಾ' ಅಂತ ಕೇಳ್ಲಿಲ್ಲ."

ಅವಳು ಗಡಿಯಾರವನ್ನು ತನ್ನ ಕೈಗೇ ಕಟ್ಟಿಕೊಂಡಳು. ಗಂಡಸಿನ ಗಡಿಯಾರ, ಅವಳ ಮಣಿಕಟ್ಟಿನಲ್ಲಿ ಜಾರಿತು. ರಿಪೇರಿಯವನು ತೊಗಲಿನ ಪಟ್ಟಿಗೆ ಇನ್ನೆರಡು ತೂತು ಹಾಕಿಕೊಟ್ಟ. ಬೀರುವಿನ ಮಾತು ಅವನ ಬಾಯಿಂದ ಬರಲಿಲ್ಲ. "ದಿನಾ ಕಟ್ಟಿ" ಎಂದ. ಚಿನ್ನದ ಪೊಟ್ಟಣ ಅಲ್ಲೇ ಉಳಿಯಿತು. ಅವನು ಅದನ್ನು ಪೆಟ್ಟಿಗೆಯ ಮೂಲೆಯಲ್ಲಿಟ್ಟ, ಮತ್ತೆ ಬಿಚ್ಚಲಿಲ್ಲ.

ಅಂದಿನಿಂದ ಟೀಚರಮ್ಮ ಸಂಜೆಯ ಬಸ್ಸು ಇಳಿದವಳು ನೇರ ಮನೆಗೆ ಹೋಗುತ್ತಿರಲಿಲ್ಲ. ಚೀಲವನ್ನು ಕಾಲ ಬಳಿ ಇಟ್ಟು, ಆ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಬೀದಿಯ ಕೊನೆಯಿಂದ ನಡೆದು ಬರುವವನು ಇನ್ನು ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಕಣ್ಣು ಅತ್ತಲೇ. ಹೆಬ್ಬೆರಳು ಗಡಿಯಾರದ ಅಂಚಿನ ಮೇಲೆ. ರಿಪೇರಿಯವನು ಒಳಗಿನಿಂದ ನೋಡುತ್ತಿದ್ದ, ಗದರುತ್ತಿರಲಿಲ್ಲ.

ಮರುವರ್ಷ ಅವಳು ಗಡಿಯಾರವನ್ನು ಎಣ್ಣೆ ಹಾಕಿಸಲು ತಂದಾಗ ಅವನು ಮಸೂರ ಹಾಕಿ ನೋಡಿದ. ಸುತ್ತಲೂ ಇದ್ದ ಹೊಳಪು ಒಂದು ಕಡೆ ಮಾತ್ರ ಮಂಕಾಗಿತ್ತು. ತಗ್ಗಲ್ಲ, ತಗ್ಗಿಗೆ ಇನ್ನೂ ಎಷ್ಟೋ ವರ್ಷ ಬೇಕು. ಒಳಗಿನ ಕೆಲಸವಷ್ಟೇ ಮಾಡಿ, ಹೊರಗೆ ಬಟ್ಟೆಯನ್ನೂ ತಾಗಿಸದೆ ಕೊಟ್ಟ.

ಅವಳು ಹೋದ ಮೇಲೆ ತನ್ನ ಉಕ್ಕಿನ ಗಡಿಯಾರವನ್ನು ಬಿಚ್ಚಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ ನೋಡಿದ. ಎಲ್ಲೂ ಏನೂ ಇರಲಿಲ್ಲ. ಮೂವತ್ತು ವರ್ಷ ಬಸ್ ನಿಲ್ದಾಣದ ಎದುರಿಗೇ ಕುಳಿತವನು, ಸಾವಿರಾರು ಬಸ್ಸು ಕಂಡವನು, ಒಂದು ಬಸ್ಸಿಗೂ ಎದ್ದು ನಿಂತವನಲ್ಲ. ಅಷ್ಟು ಕಾಲ ಹೆಮ್ಮೆಪಟ್ಟ ಆ ನುಣುಪು ಅಂದು ಅವನಿಗೆ ಬೇಡವೆನಿಸಿತು. ತನಗಾಗಿಯೂ ಯಾರಾದರೂ ಇಳಿಯಬಹುದೇನೋ ಎಂಬಂತೆ ತಿರುವಿನ ಕಡೆ ನೋಡುತ್ತ ಕುಳಿತ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ, ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಶಿಷ್ಯ ಇದರ ನೀತಿಗಾಗಿ ಕಾದ. ನೀತಿ ಬರಲಿಲ್ಲ. ಕೊನೆಗೆ ಅವನೇ ಕೇಳಿದ.

"ಹಾಗಾದರೆ ದಿನದ ಬಳಕೆಗೆ ಬಾಳಿಕೆ ಬರುವುದು ಯಾವುದು ಗುರುಗಳೇ, ಉಕ್ಕೋ ಚಿನ್ನವೋ?"

ಗುರುಗಳು ಅಕ್ಕಿಯಿಂದ ಒಂದು ಕಲ್ಲನ್ನು ಆರಿಸಿ ಆಚೆಗೆ ಎಸೆದು ಹೇಳಿದರು:

"ಇಂದೇ ಹೇಳಿ ಕಳಿಸಿ ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೋಗು, ನಿಲ್ದಾಣದಲ್ಲಿ ನಿನ್ನ ಅಕ್ಕ 'ಈಗ ತಾನೇ ಬಂದೆ' ಎಂದರೆ ನಂಬಬೇಡ."