ಹೊಸ ಫಲಕ ಮತ್ತು ಹಳೆಯ ತೂಗುಗುಂಡು

ಪಿನ್‌ಬಾಲ್ ಯಂತ್ರ ತಯಾರಿಸುವ ಕಂಪನಿಯೊಂದು ಮತ್ತೊಮ್ಮೆ ಬೇರೆಯವರ ಕೈಗೆ ಹೋಯಿತು. ಚೆಂಡು ಕೆಳಗೆ ಜಾರದಂತೆ ಹೊಡೆದು ಆಡುವ ಅಲ್ಲಿನ ಒಂದು ಹಳೆಯ ಯಂತ್ರದ ನೆತ್ತಿಯ ಮೇಲೆ ಹೊಸ ಹೆಸರಿನ ಫಲಕ ಬಂದು ಕೂತಿತು. ಕೂತ ಕೂಡಲೇ ಅದು ಒಳಗೆ ನೇತಾಡುತ್ತಿದ್ದ ತೂಗುಗುಂಡನ್ನು ಕರೆಯಿತು. ಆಡುವವರು ಯಂತ್ರವನ್ನು ಅಲುಗಾಡಿಸಿ ಮೋಸ ಮಾಡಿದರೆ ಆಟ ನಿಲ್ಲಿಸುವುದು ಆ ಗುಂಡಿನ ಕೆಲಸ.

"ಇವತ್ತು ಹೊಸ ಧಣಿಗಳು ಆಡುತ್ತಾರೆ. ಅವರು ಅಲುಗಾಡಿಸಿದರೂ ನೀನು ಸುಮ್ಮನಿರತಕ್ಕದ್ದು," ಎಂದಿತು ಫಲಕ.

"ನಿನಗಿಂತ ಮುಂಚೆ ಅಲ್ಲಿ ಕೂತಿದ್ದ ಫಲಕಗಳೂ ಇದನ್ನೇ ಹೇಳಿದ್ದವು. ಅಲುಗಾಡಿದ್ದು ನನಗೆ ತಿಳಿಯುತ್ತದೆ. ಯಾರ ಕೈ ಎಂಬುದು ತಿಳಿಯುವುದಿಲ್ಲ," ಎಂದಿತು ಗುಂಡು.

"ಹಾಗಾದರೆ ನಿನ್ನನ್ನು ಕೀಳಿಸಿ ಗುಜರಿಗೆ ಹಾಕಿಸುತ್ತೇನೆ."

"ಹಾಕಿಸು. ಇಲ್ಲಿರುವಷ್ಟು ಹೊತ್ತು ಕೆಲಸ ಮಾಡುತ್ತೇನೆ."

ಧಣಿ ಜಿನರಾಜಯ್ಯ ಆಟಕ್ಕೆ ನಿಂತರು. ಚೆಂಡು ಕೈತಪ್ಪಿ ಕೆಳಗೆ ಜಾರುವಾಗ ಯಂತ್ರವನ್ನು ಹಿಡಿದು ಜೋರಾಗಿ ಅಲುಗಾಡಿಸಿದರು. ಗುಂಡು ತೂಗಿತು, ದೀಪಗಳೆಲ್ಲ ಆರಿ ಆಟ ನಿಂತಿತು. ಅದೇ ಏಟಿಗೆ ಸ್ಕ್ರೂ ಕಳಚಿ ಫಲಕ ನೆಲಕ್ಕೆ ಬಿತ್ತು.

ಮೆಕ್ಯಾನಿಕ್ ಬಾಷಾ ಓಡಿ ಬಂದ. "ಆ ಗುಂಡನ್ನು ತೆಗೆದುಬಿಡಲಾ, ಯಜಮಾನ್ರೇ?"

"ಫಲಕಕ್ಕೆ ಬೇರೆ ಸ್ಕ್ರೂ ಹಾಕು, ಗುಂಡು ಇರಲಿ," ಎಂದರು ಜಿನರಾಜಯ್ಯ. "ನನ್ನನ್ನೇ ಬಿಡದ ಯಂತ್ರವನ್ನು ಯಾರ ಮುಂದೆ ಬೇಕಾದರೂ ಧೈರ್ಯವಾಗಿ ಇಡಬಹುದು."