ಟೈರಿನಡಿಯ ನಿಂಬೆಹಣ್ಣು

ದಸರಾ ರಜೆಗೆ ಮುರುಡೇಶ್ವರಕ್ಕೆ ಹೊರಟಿದ್ದ ಕಾರಿನ ಮುಂದಿನ ಟೈರಿನ ಕೆಳಗೆ ಸರ್ವಮಂಗಳಜ್ಜಿ ಒಂದು ನಿಂಬೆಹಣ್ಣು ಇಟ್ರು. ಕಾರು ಅದನ್ನ ಜಜ್ಜಿಕೊಂಡು ಹೋದ್ರೆ ದಾರಿಯಲ್ಲಿ ಏನೂ ಆಗಲ್ಲ ಅಂತ ಅವರ ನಂಬಿಕೆ.

ನಿಂಬೆಹಣ್ಣು ತಲೆಯೆತ್ತಿ ನೋಡ್ತು. "ಏನಯ್ಯಾ ಟೈರು, ನಿನ್ನ ಪಕ್ಕೆ ಯಾಕೆ ಹೀಗೆ ಊದಿಕೊಂಡಿದೆ?"

"ಹೋದ ವಾರ ಗುಂಡಿಗೆ ಬಿದ್ದೆ. ಘಾಟಿಯಲ್ಲಿ ಒಡೆದೇ ಹೋಗ್ತೀನೇನೋ," ಅಂತು ಟೈರು.

"ಮನೆಯವರು ನೋಡಿಲ್ವಾ?"

"ಯಾಕೆ ನೋಡ್ತಾರೆ? ನೀನು ಸಾಯ್ತೀಯಲ್ಲ, ಅಷ್ಟು ಸಾಕಂತೆ."

ನಿಂಬೆಹಣ್ಣಿಗೆ ಮೈಯೆಲ್ಲ ಉರೀತು. "ಒಳಗೆ ಚಿಕ್ಕ ಮಕ್ಕಳು ಕೂತಿವೆ! ಇವರಿಗೆ ಬಗ್ಗಿ ನೋಡೋಕೆ ಸೋಮಾರಿತನ, ಅದಕ್ಕೆ ನನ್ನ ಪ್ರಾಣ ಬೇಕಾ? ನಾನು ಸಾಯಲ್ಲ, ಹೋಗು!" ಅಂತ ಉರುಳಿಕೊಂಡು ಕಾರಿನಡಿ ಸೇರ್ಕೊಂಡ್ತು.

"ನಾಗಭೂಷಣ, ಹಣ್ಣು ಉರುಳಿಹೋಯ್ತು ಕಣೋ, ತೆಗಿ," ಅಂದ್ರು ಅಜ್ಜಿ.

ಸ್ಟೀರಿಂಗ್ ಮುಂದೆ ಕೂತಿದ್ದ ಮಗ ಗೊಣಗುತ್ತಾ ಇಳಿದು, ಮಂಡಿಯೂರಿ, ಕಾರಿನಡಿ ಕೈ ಹಾಕಿದ. ಟೈರಿನ ಊತ ಅವನ ಮೂಗಿನ ಮುಂದೇ ಇತ್ತು.

"ಅಯ್ಯಯ್ಯೋ ಅಮ್ಮಾ, ಇದು ದಾರಿಯಲ್ಲೇ ಒಡೀತಿತ್ತು!" ಅಂತ ಬೆವೆತುಹೋದ. ಮಕ್ಕಳನ್ನ ಇಳಿಸಿ, ಡಿಕ್ಕಿಯಲ್ಲಿದ್ದ ಸ್ಟೆಪ್ನಿ ತೆಗೆದು ಹಾಕಿದ.

"ನೋಡಿದ್ಯಾ ನಿಂಬೆಹಣ್ಣಿನ ಮಹಿಮೆ!" ಅಂತ ಅಜ್ಜಿ ಹಣ್ಣನ್ನ ಕಣ್ಣಿಗೊತ್ತಿಕೊಂಡು, ಅದನ್ನೇ ಮತ್ತೆ ಟೈರಿನ ಕೆಳಗಿಟ್ರು.

"ನನ್ನ ಮಹಿಮೆ ಅಲ್ಲ ಅಜ್ಜಿ! ನಿಮ್ಮ ಮಗ ಬಗ್ಗಿ ನೋಡಿದ, ಅದಕ್ಕೆ ಉಳಿದ್ರಿ!" ಅಂತ ನಿಂಬೆಹಣ್ಣು ಕಿರುಚ್ತು.

ಅಷ್ಟರಲ್ಲಿ ಕಾರು ಸ್ಟಾರ್ಟ್ ಆಗಿತ್ತು, ಯಾರಿಗೂ ಕೇಳಿಸ್ಲಿಲ್ಲ. ಪಚಕ್.